ಅವ್ವನ ಕಣ್ಣೀರ ಚೀಲದ ಆಪರೇಷನ್: ಹೊರಗಿಂದೋ, ಮೂಗಿನೊಳಗಿಂದೋ?

ಪ್ರಶ್ನೆ (ಗದಗ): ಅವ್ವಗ 62. ಎರಡು ವರ್ಷದಿಂದ ಎಡಗಣ್ಣು ಸೋರತೈತಿ. ಮೂಗಿನ ಬಾಜೂಕ ಒತ್ತಿದ್ರ ಕೀವು; ಸೆರಗಿನ ತುದಿ ಸದಾ ಹಸಿ. ಡಾಕ್ಟರ್ ಡಿಸಿಆರ್ (ಕಣ್ಣೀರ ಚೀಲದಿಂದ ಮೂಗಿಗೆ ದಾರಿ ಮಾಡೋ ಆಪರೇಷನ್) ಮಾಡಿಸ್ರಿ ಅಂದಾರ. ಮುಖಾ ಕೊಯ್ಯೋದು ಬ್ಯಾಡ ಅಂತಾಳ. ಏನ್ ಮಾಡೂಣ್ರಿ?

ಉತ್ತರ (ಧಾರವಾಡ): ನಮ್ಮಪ್ಪಗ ಹೊರಗಿಂದ ಮಾಡಿಸಿದ್ವಿರಿ. ಚೀಲಕ್ಕೂ ಮೂಗಿಗೂ ನಡುವಿನ ಎಲುಬಿನ್ಯಾಗ ಕಿಂಡಿ ಕೊರದು ನೀರಿಗೆ ಹೊಸ ದಾರಿ ಮಾಡ್ತಾರ. ಅವರ ಗಾಯದ ಕಲೆ ಈಗ ಚಾಳೀಸಿನ ಕೆಳಗ ಹುಡುಕಬೇಕು. ಎಂಡೋಸ್ಕೋಪ್ (ಒಳಗ ನೋಡೋ ಸಣ್ಣ ನಳಿಗಿ) ಹಾಕಿ ಮೂಗಿನೊಳಗಿಂದ ಮಾಡಿದ್ರ ಮುಖದ ಮ್ಯಾಲೆ ಗಾಯಾನೇ ಇಲ್ಲ. ಅವ್ವಗ ಅದನ್ನ ಹೇಳ್ರಿ.

ಉತ್ತರ (ಹಾವೇರಿ): ಕೆಂಪಗ ಬಾತಿದ್ರ ಮೊದಲು ಆಂಟಿಬಯಾಟಿಕ್, ಆಮ್ಯಾಲೆ ಆಪರೇಷನ್. ಕಣ್ಣಿನ ಪೊರೆ ತಗಸೋದಿದ್ರ ಇದನ್ನ ಮೊದಲು ಮುಗಸ್ರಿ. ಕೀವು ಕಣ್ಣೊಳಗ ಹೊಕ್ಕರ ದೃಷ್ಟಿಗೇ ಕುತ್ತು. ನಮ್ಮಜ್ಜಿಗೆ 85, ಚೀಲಾನೇ ತಗದ್ರು. ಕೀವು ನಿಂತೈತಿ, ನೀರು ಇನ್ನೂ ಸೋರತೈತಿ.