ಮಾರ್ಚ್ ಕೊನೆಗೆ ಲೇಕ್ ಆಫ್ ದ ವುಡ್ಸ್‌ನಲ್ಲಿ ವಾಲೈ ಮೀನು: ಐಸ್ ಮೇಲೆ ಬಾಡಿಗೆ ಮನೆಯೋ, ಸ್ವಂತ ಟೆಂಟೋ? ಅನುಭವ ಇದ್ದವರು ಹೇಳಿ

ಈಡನ್ ಪ್ರೇರಿ ಹೊಸಬ: ಮಿನೆಸೋಟದ ಒಳಗಿನ ಕೆರೆಗಳಲ್ಲಿ ವಾಲೈ ಸೀಸನ್ ಫೆಬ್ರವರಿ ಕೊನೇ ಭಾನುವಾರಕ್ಕೇ ಮುಗೀತು. ಕೆನಡಾ ಗಡಿಯ ಲೇಕ್ ಆಫ್ ದ ವುಡ್ಸ್‌ನಲ್ಲಿ ಏಪ್ರಿಲ್ 14ರವರೆಗೂ ಹಿಡೀಬಹುದಲ್ಲ? ಮೈಸೂರಿಂದ ಭಾವ ಬರ್ತಿದ್ದಾರೆ. ಮಾರ್ಚ್ ಕೊನೇ ವಾರ ಬೌಡೆಟ್ ಕಡೆ ಹೋಗೋ ಆಸೆ. ರೆಸಾರ್ಟ್‌ನವರ ಐಸ್ ಮನೆ (ಹೆಪ್ಪುಗಟ್ಟಿದ ಕೆರೆ ಮೇಲೆ ಇಡೋದು) ಬಾಡಿಗೆಗೆ ಹಿಡಿಯೋದಾ, ಟೆಂಟು, ಐಸ್ ಕೊರೆಯೋ ಆಗರ್ ಎಲ್ಲ ಕೊಳ್ಳೋದಾ? ಕಾರು ಐಸ್ ಮೇಲೆ ಇಳಿಸಬಹುದಾ?

ಬ್ಲೇನ್ ಮಂಜಣ್ಣ: ಬಾಡಿಗೆಗೆ ದುಡ್ಡು ಸುರಿಯೋರನ್ನ ಕಂಡ್ರೆ ಹೊಟ್ಟೆ ಉರಿಯುತ್ತೆ. ನನ್ನ ಲೆಕ್ಕ ಕೇಳಿ. ಮಡಚೋ ಟೆಂಟು 380 ಡಾಲರ್, ಎಂಟಿಂಚಿನ ಬ್ಯಾಟರಿ ಆಗರ್ 520, ನೀರೊಳಗೆ ಮೀನು ಎಲ್ಲಿದೆ ಅಂತ ತೋರಿಸೋ ಸೆಕೆಂಡ್ ಹ್ಯಾಂಡ್ ಫ್ಲ್ಯಾಷರ್ 260, ಪ್ರೊಪೇನ್ ಹೀಟರ್ 110, ಸಾಮಾನು ಎಳೆಯೋ ಸ್ಲೆಡ್ 70, ನೀರಿಗೆ ಬಿದ್ರೆ ತೇಲಿಸೋ ಸೂಟು 300. ದಡದ ಹತ್ರ ಮರಳು ಸೇರಿದ ಐಸ್‌ಗೆ ತಾಗಿ ಬ್ಲೇಡು ಮೊಂಡಾಯ್ತು, ಅದಕ್ಕೆ ಮತ್ತೆ 45. ಹೀಟರಿನ ವಿಷಗಾಳಿ ಹೇಳೋ ಕಾರ್ಬನ್ ಮಾನಾಕ್ಸೈಡ್ ಅಲಾರಂ 25, ಅದನ್ನ ಮಾತ್ರ ಬಿಡಬೇಡಿ. ಆದ್ರೆ ಕೂರೋ ಜಾಗ ನನ್ನಿಷ್ಟದ್ದು. ಮೂವತ್ತಡಿ ನೀರು, ಒಂದು ತೂತಲ್ಲಿ ಚಿನ್ನದ ಬಣ್ಣದ ಸ್ಪೂನಿಗೆ (ಹೊಳೆಯೋ ಲೋಹದ ಗಾಳ) ಶೈನರ್ ಮೀನಿನ ತಲೆ ಮಾತ್ರ ಚುಚ್ಚಿ ಕುಲುಕ್ತೀನಿ. ಪಕ್ಕದ ತೂತಲ್ಲಿ ಬೆಂಡು ಕಟ್ಟಿದ ಇನ್ನೊಂದು ಗಾಳ, ಮುಟ್ಟೋದೇ ಇಲ್ಲ. ಮಾರ್ಚಲ್ಲಿ ಆ ಸುಮ್ಮನಿರೋ ಗಾಳಕ್ಕೇ ಜಾಸ್ತಿ ಕಚ್ಚೋದು. ಬೆಂಡು ಗಬಕ್ಕನೆ ಮುಳುಗಲ್ಲ, ಮೆಲ್ಲಗೆ ವಾಲಿಕೊಂಡು ಹೋಗುತ್ತೆ. ಆಗ ಅವಸರ ಮಾಡಿದ್ರೆ ಹೋಯ್ತು.

ಫಾರ್ಗೊದಾಗಿನ ಧಾರವಾಡದಾಕಿ: ಮಂಜಣ್ಣಾರ, ನಿಮ್ಮ ಟೆಂಟಿನ್ಯಾಗ ಹೆಣ್ಮಕ್ಕಳು ಎಲ್ಲಿ ಹೋಗಬೇಕ್ರೀ, ಅದನ್ನೂ ಲೆಕ್ಕಾ ಹಾಕ್ರಿ. ನಾವು ರಾತ್ರಿ ಮಲಗೂ ಮನಿ ಹಿಡದ್ವಿ, ನಾಲ್ಕು ಮಂದಿಗೆ ಎರಡು ರಾತ್ರಿಗೆ 880 ಡಾಲರ್. ಗಾಳಕ್ಕ ಚುಚ್ಚೂ ಬೇಟ್ 24, ಗ್ಯಾಸ್ ಬ್ಯಾರೆ. ಎರಡನೇ ದಿನ ಐಸ್ ಬಿರುಕು ಬಿಟ್ಟು ಒತ್ತಿಕೊಂಡು ದಿಬ್ಬ ಎದ್ದಿತು, ಅವರು ಸೇತುವಿ ಸರಿಸಿ ಹಾಕೂತನಾ ನಾಲ್ಕು ತಾಸು ಅಲ್ಲೇ ಕುಂತ್ವಿ. ಮುಂದಿನ ವರ್ಷ ಮಳಿ ಬಂತು, ಟ್ರಿಪ್ಪು ರದ್ದಾತು, ಮುಂಗಡ 300 ಡಾಲರ್ ವಾಪಸ್ ಕೊಡಲಿಲ್ರಿ. ಆ ಸಿಟ್ಟು ಇನ್ನೂ ಇಳಿದಿಲ್ಲ. ಆದ್ರೂ ಬಾಡಿಗಿನ ಚಲೋ. ಹತ್ತೊಂಬತ್ತೂವರೆ ಇಂಚಿನಿಂದ 28ರ ನಡುವಿನ ವಾಲೈ ಸಿಕ್ಕರ ಬಿಡಲೇಬೇಕಲ್ಲ, ನಮ್ಮ ಮನಿಯವರು 24 ಇಂಚಿನದನ್ನ ತಲಿ ಕೆಳಗ ಮಾಡಿ ತೂತಿನ್ಯಾಗ ಇಳಿಸಿದ್ರು. ಬಾಲ ಒಂದ ಸಲ ಬಡದು ನೀರು ಹಾರಿಸಿ ಹೋತು, ಮಗಳು ಅರ್ಧ ತಾಸು ಅತ್ತಳು.

ಡುಲೂತ್ ಶೆಟ್ರು: ಎಂಥ ಮಾರಾಯ್ರೆ ಇದು! ಮಾರ್ಚಲ್ಲಿ ಸಿಗುವ ದೊಡ್ಡವೆಲ್ಲ ಮೊಟ್ಟೆ ತುಂಬಿದ ಹೆಣ್ಣು, ರೈನಿ ನದಿಗೆ ಹೊರಟದ್ದು. ನಮ್ಮ ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟು ಕಡಲಿಗೆ ಇಳಿಯುವುದಿಲ್ಲ, ಗೊತ್ತುಂಟಾ? ನಾನು ಫೆಬ್ರವರಿಗೇ ಗಾಳ ಸುತ್ತಿ ಇಡುತ್ತೇನೆ.

ಬ್ಲೇನ್ ಮಂಜಣ್ಣ: ಶೆಟ್ರೇ, ಆ ಹೆಣ್ಣುಗಳು ಉಳೀಲಿ ಅಂತಾನೇ ಈ ಅಳತೆ ಇಟ್ಟಿರೋದು. ಒಬ್ಬರು ಇಟ್ಟುಕೊಳ್ಳೋದು ವಾಲೈ ಜಾತಿಯದೇ ಸಾಗರ್ ಮೀನು ಸೇರಿಸಿ ಆರು, ಅದರಲ್ಲಿ ವಾಲೈ ನಾಲ್ಕೇ. ಮಾರ್ಚ್ 1ರಿಂದ ನದಿಯಲ್ಲೂ ಫೋರ್ ಮೈಲ್ ಬೇನಲ್ಲೂ ವಾಲೈ ಹಿಡಿದು ಬಿಡೋದಷ್ಟೇ. ಮಲ್ಪೆ ಟ್ರಾಲ್ ಬೋಟಿನ ಬಲೆಯಲ್ಲಿ ಮರಿ ಮೀನು ಎಷ್ಟಿರುತ್ತೆ ಅಂತ ಮೊದಲು ನೋಡಿ ಬನ್ನಿ.

ಡುಲೂತ್ ಶೆಟ್ರು: ಮಲ್ಪೆ ಸುದ್ದಿ ಎತ್ತಬೇಡಿ. ನಿಮ್ಮ ಫ್ಲ್ಯಾಷರ್ ಇಲ್ಲದೆ ಒಂದು ಮೀನು ಹಿಡಿದು ತೋರಿಸಿ.

ರಾಚೆಸ್ಟರ್ ಕಿರಣ್: ಕಾರಿನ ಬಗ್ಗೆ ಕೇಳಿದ್ರಲ್ಲ, ನಂದು ಆಲ್ ವೀಲ್ ಡ್ರೈವ್. ಬೆಳಗ್ಗೆ ಏಳಕ್ಕೆ ಇಳಿಸಿದಾಗ ರಸ್ತೆ ಡಾಂಬರಿನ ಹಾಗಿತ್ತು. ರಸ್ತೆ ಶುಲ್ಕ 20 ಡಾಲರ್ ತಗೊಂಡು, 28 ಇಂಚು ಐಸ್ ಇದೆ ಅಂದಿದ್ರು. ಮಧ್ಯಾಹ್ನ ಮೂರಕ್ಕೆ ವಾಪಸ್ ಬಂದ್ರೆ ದಡದಿಂದ ಹದಿನೈದಡಿ ಒಳಗೆ ಹಿಂದಿನ ಚಕ್ರ ಎರಡೂ ಕೆಳಗೆ. ಎಳೆಸಿದ್ದಕ್ಕೆ 650, ಎಕ್ಸಾಸ್ಟ್‌ಗೆ 410, ಸೀಟು ಒಣಗಿಸೋಕೆ 180. ಇನ್ಶೂರೆನ್ಸ್‌ನವನು ಫೋನೇ ಎತ್ತಲಿಲ್ಲ. ದುಡ್ಡು ತಗೊಂಡವನಿಗೆ ಹಲಗೆ ಹಾಕಿಸೋಕೆ ಆಗ್ಲಿಲ್ವಾ?

ಫಾರ್ಗೊದಾಗಿನ ಧಾರವಾಡದಾಕಿ: ಕಿರಣ, ದಪ್ಪ ನೋಡಿ ಯಾಕ ನಂಬಿದಿ? ಇಷ್ಟು ಇಂಚಿದ್ರ ಕಾರು ತಡಿತೈತಿ ಅನ್ನೂ ಲೆಕ್ಕ ಹೊಸಾ, ತಿಳಿ ಐಸಿಗೆ. ಬಿಳೇ ಐಸಿಗೆ ಅದರರ್ಧನ ಬಲ. ಬಿಸಲು ಬಡದು ಬಡದು ಉದ್ದುದ್ದ ಕಡ್ಡಿ ಕಡ್ಡಿ ಆಗಿರ್ತೈತಿ, ಹಾರಿಯಿಂದ ಕುಟ್ಟಿದ್ರ ಪುಡಿ ಪುಡಿ. ದಡದ ಐಸ್ ಮೊದಲ ಕರಗತೈತಿ.

ರಾಚೆಸ್ಟರ್ ಕಿರಣ್: ಅಕ್ಕಾ, ಪಾಠ ಬೇಡ. ನಿಮ್ಮ ಮುಂಗಡದ ಕಥೆ ಕೇಳಿ ನಾವೇನಾದ್ರೂ ಅಂದ್ವಾ?

ಬ್ಲೇನ್ ಮಂಜಣ್ಣ: ಪೂರ್ತಿ ಮುಳುಗಿದ್ರೆ 30 ದಿನದೊಳಗೆ ಎತ್ತಿಸೋದು ನಿನ್ನ ತಲೆ ಮೇಲೇ ಬರ್ತಿತ್ತು ತಮ್ಮಾ. ಎಳೆಸೋದು ಬರೀ 650ಕ್ಕೆ ಮುಗೀತಲ್ಲ.

ಈಡನ್ ಪ್ರೇರಿ ಹೊಸಬ: ಹಾಗಾದ್ರೆ ಬಾಡಿಗೆನಾ? ಕೊನೇ ವಾರ ಮನೆಗಳು ಇರ್ತಾವಾ?

ಫಾರ್ಗೊದಾಗಿನ ಧಾರವಾಡದಾಕಿ: ಮಾರ್ಚ್ 31ಕ್ಕ ಗಡಿ ಕೆರಿ ಮ್ಯಾಲಿನ ಮನಿ ಎತ್ತಬೇಕ್ರಿ, ಅದಕ್ಕ ಎಷ್ಟೋ ಮಂದಿ ಮೊದಲ ಎಳಕೊಂಡು ಹೋಗತಾರ. ಫೋನ್ ಮಾಡಿ ಕೇಳ್ರಿ. ಕಾರು ದಡದಾಗ ಬಿಟ್ಟು ಅವರ ಬಾಂಬಾರ್ಡಿಯರ್ ಗಾಡಿಯೊಳಗ (ಹಿಮದ ಮ್ಯಾಲೆ ಪಟ್ಟಾದಿಂದ ಓಡೂದು) ಹೋಗ್ರಿ.

ಡುಲೂತ್ ಶೆಟ್ರು: ಹಿಡಿದರೂ ಏನು, ಆ ಮೀನಿಗೆ ಕಾಣೆಯ ರುಚಿ ಉಂಟಾ? ಸಪ್ಪೆ.

ಬ್ಲೇನ್ ಮಂಜಣ್ಣ: ಸಪ್ಪೆ ಆಗೋದು ನೀವು ಮಸಾಲೆ ಹಚ್ಚಿದ ತಕ್ಷಣ ಬಾಣಲೆಗೆ ಹಾಕೋದ್ರಿಂದ. ಒಂದು ಗಂಟೆ ಬಿಡಿ, ಆಮೇಲೆ ಅಕ್ಕಿ ಹಿಟ್ಟು.

ಡುಲೂತ್ ಶೆಟ್ರು: ಅಕ್ಕಿ ಹಿಟ್ಟಾ! ರವೆ ಮಾರಾಯ್ರೆ, ರವೆ. ಘಟ್ಟದ ಮೇಲಿನವರಿಗೆ ಮೀನು ಹುರಿಯುವುದನ್ನು ಯಾರು ಹೇಳಿಕೊಡುವುದು?