ಘೋಸ್ಟ್ ಆಫ್ ತ್ಸುಶಿಮಾ: ಜಿನ್ ಬದಲಾಗುವುದು ಕಥೆಯಲ್ಲಿ ಮಾತ್ರವೇ, ನಮ್ಮ ಆಟದಲ್ಲೂ ಬದಲಾಗುತ್ತಾನೆಯೇ?

ಪ್ರಶ್ನೆ: ಮಲೆನಾಡಿಗ

ಘೋಸ್ಟ್ ಆಫ್ ತ್ಸುಶಿಮಾ ಎಂಬ ವಿಡಿಯೊ ಗೇಮನ್ನು 2024ರಲ್ಲಿ ಬಂದ ಪಿಸಿ ಆವೃತ್ತಿಯಲ್ಲಿ, ಇಕಿ ದ್ವೀಪದ ಹೆಚ್ಚುವರಿ ಭಾಗವನ್ನೂ ಸೇರಿಸಿ, ಇತ್ತೀಚೆಗೆ ಆಡಿ ಮುಗಿಸಿದೆ. ಆಟ ಬಹಳ ಹಿಡಿಸಿತು. ಆದರೂ ಅದರ ಕಥೆಗೂ ನಾನು ಆಡಿದ ರೀತಿಗೂ ಎಲ್ಲೋ ತಾಳೆಯಾಗುತ್ತಿಲ್ಲ ಎನಿಸಿರುವುದರಿಂದ ಇಲ್ಲಿನ ಅನುಭವಿಗಳ ಅಭಿಪ್ರಾಯ ಕೇಳುತ್ತಿದ್ದೇನೆ. ಕಥೆಯ ಕೊನೆಯವರೆಗಿನ ಸಂಗತಿಗಳು ಮುಂದೆ ಬರುತ್ತವೆ. ಇನ್ನೂ ಆಡದವರು ದಯವಿಟ್ಟು ಇಲ್ಲಿಗೇ ಓದು ನಿಲ್ಲಿಸಿ.

1274ರಲ್ಲಿ ಮಂಗೋಲರು ಜಪಾನಿನ ತ್ಸುಶಿಮಾ ದ್ವೀಪದ ಕೊಮೊದಾ ಕಡಲತೀರಕ್ಕೆ ಬಂದಿಳಿಯುವುದರೊಂದಿಗೆ ಕಥೆ ಶುರುವಾಗುತ್ತದೆ. ಸಮುರಾಯ್‌ಗಳ ಪರವಾಗಿ ಅದಾಚಿ ಎಂಬ ಹಿರಿಯ ಒಬ್ಬನೇ ಮುಂದೆ ಹೋಗಿ ಎದುರಾಳಿಯನ್ನು ದ್ವಂದ್ವಯುದ್ಧಕ್ಕೆ ಕರೆಯುತ್ತಾನೆ. ಮಂಗೋಲರ ನಾಯಕ ಖೋತುನ್ ಖಾನ್ ಬಟ್ಟಲಿನಲ್ಲಿದ್ದ ಮದ್ಯವನ್ನು ಅವನ ಮೈಮೇಲೆ ಎರಚಿ, ಬೆಂಕಿ ಹಚ್ಚಿ, ತಲೆ ಕಡಿಯುತ್ತಾನೆ. ಮರ್ಯಾದೆಯ ಯುದ್ಧವನ್ನು ಒಪ್ಪದ ಶತ್ರುವಿನೆದುರು ಮರ್ಯಾದೆಯಿಂದಲೇ ಹೋರಾಡಬೇಕೇ ಎಂಬ ಪ್ರಶ್ನೆಯನ್ನು ಆಟ ಅಲ್ಲಿಯೇ ನಮ್ಮ ಮುಂದಿಡುತ್ತದೆ. ಕಥಾನಾಯಕನಾದ ಸಮುರಾಯ್ ಜಿನ್ ಸಕಾಯ್ ಬಚ್ಚಿಟ್ಟುಕೊಂಡು ಕೊಲ್ಲುವ ದಾರಿ ಹಿಡಿಯುತ್ತಾನೆ. ಅವನನ್ನು ಸಾಕಿ ಬೆಳೆಸಿದ ಸೋದರಮಾವ ಶಿಮುರಾ ಅದನ್ನು ಕೊನೆಯವರೆಗೂ ಒಪ್ಪುವುದಿಲ್ಲ.

ಆದರೆ ನಾನು ಆಡಿದ ಜಿನ್ ಬೇರೆಯೇ ಆಗಿದ್ದ. ಪ್ರತಿ ಶಿಬಿರಕ್ಕೂ ಮುಂಬಾಗಿಲಿನಿಂದಲೇ ಹೋಗಿ, ಕೂಗಿ ಕರೆದು, ಎದುರೆದುರು ನಿಂತು ಹೊಡೆದಾಡಿದೆ. ಮಿಷನ್ ಕಡ್ಡಾಯ ಮಾಡಿದ ಕಡೆಗಳನ್ನು ಬಿಟ್ಟರೆ ಎಲ್ಲಿಯೂ ಹಿಂದಿನಿಂದ ಇರಿಯಲಿಲ್ಲ. ಹೀಗಿದ್ದರೂ ಊರವರು ನನ್ನನ್ನು ಘೋಸ್ಟ್, ಅಂದರೆ ಕಾಣದಂತೆ ಬಂದು ಕೊಲ್ಲುವ ಭೂತ, ಎಂದೇ ಕರೆದರು, ಶಿಮುರಾ ನನಗೆ ಮರ್ಯಾದೆಗೆಟ್ಟವನೆಂಬ ಪಟ್ಟವನ್ನೇ ಕಟ್ಟಿದರು. ನಾವು ಆಡುವ ರೀತಿಗೆ ಕಥೆ ಕಿವಿಗೊಡದಿದ್ದರೆ ಅದನ್ನು ಆಟದ ದೌರ್ಬಲ್ಯವೆಂದು ಪರಿಗಣಿಸಬೇಕೇ? ಹಾಗೆಯೇ ಶಿಮುರಾ ಪಾತ್ರವನ್ನು ನೀವು ಹೇಗೆ ಅರ್ಥ ಮಾಡಿಕೊಂಡಿರಿ ಎಂಬುದನ್ನೂ ತಿಳಿಸಿ.

ಉತ್ತರ 1: ಕತ್ತಿವರಸೆ

ಮಲೆನಾಡಿಗ ಅವರೇ, ಕಥೆ ನಿಮ್ಮ ಆಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬುದು ಬಹುಮಟ್ಟಿಗೆ ನಿಜ. ಆದರೆ ಆಟದ ಕಟ್ಟುಪಾಡುಗಳೊಳಗೇ ಈ ಎರಡು ದಾರಿಗಳ ತಿಕ್ಕಾಟವನ್ನು ಜಾಣತನದಿಂದ ಹೆಣೆದಿದ್ದಾರೆ ಎಂಬುದು ನನ್ನ ಅಭಿಪ್ರಾಯ.

ಸ್ಟ್ಯಾಂಡ್‌ಆಫ್ ಅನ್ನೇ, ಅಂದರೆ ಶತ್ರುವನ್ನು ಕೂಗಿ ಕರೆದು ಎದುರುಬದುರು ನಿಲ್ಲುವುದನ್ನೇ ನೋಡಿ. ಜಿನ್ ಒರೆಯ ಮೇಲೆ ಕೈಯಿಟ್ಟು ನಿಂತಿರುತ್ತಾನೆ, ನಾವು ಬಟನ್ ಅನ್ನು ಒತ್ತಿ ಹಿಡಿದಿರುತ್ತೇವೆ. ಎದುರಾಳಿ ನಿಜವಾಗಿ ಮೇಲೆ ಬಿದ್ದ ಕ್ಷಣದಲ್ಲಿ ಬಿಟ್ಟರೆ ಒಂದೇ ಏಟಿಗೆ ಅವನು ಉರುಳುತ್ತಾನೆ, ಅವಸರಪಟ್ಟು ಬಿಟ್ಟರೆ ನಮ್ಮ ಪ್ರಾಣ ಬಹುಪಾಲು ಅಲ್ಲೇ ಹೋಗುತ್ತದೆ. ಮೊದಮೊದಲು ಇದು ಸುಲಭ. ಮುಂದೆ ಹೋದಂತೆ ಎದುರಾಳಿಗಳು ಹೊಡೆಯುವಂತೆ ಭುಜ ಅಲುಗಿಸಿ ಮೋಸ ಮಾಡುವುದನ್ನು ಕಲಿಯುತ್ತಾರೆ, ಒಂದಲ್ಲ ಎರಡು ಸಲ ಹೆದರಿಸಿ ಆಮೇಲೆ ನುಗ್ಗುತ್ತಾರೆ. ಕಣ್ಣಲ್ಲಿ ಕಣ್ಣಿಟ್ಟು ಹೋರಾಡಬೇಕೆಂಬ ಶಿಮುರಾನ ಪಾಠಕ್ಕೆ ಎಷ್ಟು ತಾಳ್ಮೆ ಬೇಕು ಎಂಬುದನ್ನು ಮಾತಿಲ್ಲದೆ ನಮ್ಮ ಬೆರಳಿಗೇ ಕಲಿಸುವ ವಿಧಾನವಿದು. ಇದಕ್ಕೆ ಹೋಲಿಸಿದರೆ ಹುಲ್ಲಿನಲ್ಲಿ ಅಡಗಿ ಹೋಗಿ ಕೊಲ್ಲುವುದು ಸುಲಭ, ಅಪಾಯವೂ ಕಡಿಮೆ. ಜಿನ್‌ನನ್ನು ಸೆಳೆದದ್ದೂ ಅದೇ ಸುಲಭತೆಯಲ್ಲವೇ?

ಸ್ಟೋನ್, ವಾಟರ್, ವಿಂಡ್, ಮೂನ್ ಎಂಬ ನಾಲ್ಕು ಸ್ಟ್ಯಾನ್ಸ್‌ಗಳು (ಕತ್ತಿ ಹಿಡಿದು ನಿಲ್ಲುವ ಭಂಗಿಗಳು) ಕ್ರಮವಾಗಿ ಕತ್ತಿ, ಗುರಾಣಿ ಮತ್ತು ಭರ್ಚಿ ಹಿಡಿದವರಿಗೆ ಹಾಗೂ ದೈತ್ಯದೇಹಿಗಳಿಗೆ ಒಗ್ಗುತ್ತವೆ. ಹೊಸದನ್ನು ಪಡೆಯಲು ಮಂಗೋಲ್ ನಾಯಕರನ್ನು ಕೊಲ್ಲಬೇಕು ಇಲ್ಲವೇ ಅವರು ಅಭ್ಯಾಸ ಮಾಡುವುದನ್ನು ಮರೆಯಲ್ಲಿ ನಿಂತು ನೋಡಬೇಕು. ಇವುಗಳ ಬಗ್ಗೆ ಸಾಕಷ್ಟು ಚರ್ಚೆಯಾಗಿದೆ, ಹೆಚ್ಚು ಹೇಳುವುದಿಲ್ಲ. ನಾನು ಎತ್ತಿ ತೋರಿಸಬೇಕೆಂದಿರುವುದು ಡ್ಯುಯೆಲ್‌ಗಳ ಒಂದು ನಿಯಮವನ್ನು. ಡ್ಯುಯೆಲ್, ಅಂದರೆ ಒಬ್ಬರಿಗೊಬ್ಬರ ದ್ವಂದ್ವಯುದ್ಧ, ಆರಂಭವಾದರೆ ಎಸೆಯುವ ಚೂರಿಯಾದ ಕುನಾಯ್ ಇಲ್ಲ, ಹೊಗೆಬಾಂಬ್ ಇಲ್ಲ, ಘೋಸ್ಟ್‌ನ ಯಾವ ಆಯುಧವೂ ಇಲ್ಲ, ಇರುವುದು ಕತ್ತಿಯೊಂದೇ. ಎಷ್ಟೇ ಕದ್ದುಮುಚ್ಚಿ ಆಡಿದವರೂ ಮಂಗೋಲರ ಕಡೆ ಸೇರಿದ ಹಳೆಯ ಗೆಳೆಯ ರ್ಯುಜೊನನ್ನು, ಕೊನೆಗೆ ಶಿಮುರಾನನ್ನು ಸಮುರಾಯ್ ರೀತಿಯಲ್ಲಿಯೇ ಎದುರಿಸಬೇಕು. ಮಾವ ಅಳಿಯನಿಗೆ ಕಲಿಸಿದ ವಿದ್ಯೆಯಿಂದಲೇ ಮಾವನನ್ನು ಸೋಲಿಸಬೇಕಾದ ಆ ಕೊನೆಯ ಹೋರಾಟಕ್ಕೆ ಅಷ್ಟು ಭಾರ ಬಂದಿರುವುದು ಈ ನಿರ್ಬಂಧದಿಂದಲೇ.

ಉತ್ತರ 2: ಶರಾವತಿ ತೀರದವಳು

ಡ್ಯುಯೆಲ್ ಬಗ್ಗೆ ಕತ್ತಿವರಸೆ ಅವರು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಹಿಂದಿನಿಂದ ಇರಿಯುವುದೇ ಜಿನ್‌ನ ತಪ್ಪು ಎಂಬ ಆಧಾರದ ಮೇಲೆ ಇಡೀ ಪ್ರಶ್ನೆ ನಿಂತಿರುವುದು ನನಗೆ ಸರಿ ಕಾಣುತ್ತಿಲ್ಲ. ಕಥೆ ತಿರುವು ಪಡೆಯುವುದು ವಿಷದಲ್ಲಿ.

ಜಿನ್‌ಗೆ ವಿಷ ಮಾಡುವುದನ್ನು ಕಲಿಸುವವಳು ಅವನನ್ನು ಚಿಕ್ಕಂದಿನಿಂದ ನೋಡಿಕೊಂಡ ಮುದುಕಿ ಯುರಿಕೊ. ವಯಸ್ಸಿನಿಂದ ಅವಳ ನೆನಪು ಮಸುಕಾಗುತ್ತಿದೆ; ಕೆಲವೊಮ್ಮೆ ಜಿನ್‌ನನ್ನು ಅವನ ಸತ್ತ ತಂದೆಯೆಂದೇ ಭಾವಿಸಿ ಮಾತನಾಡುತ್ತಾಳೆ, ಜಿನ್ ಅವಳನ್ನು ತಿದ್ದಲಾರದೆ ಅವಳ ಮಾತಿಗೇ ಹೊಂದಿಕೊಳ್ಳುತ್ತಾನೆ. ಇಡೀ ಆಟದಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗವಿದು. ಅಷ್ಟು ಮಮತೆಯಿಂದ ಬಂದ ಆ ವಿದ್ಯೆಯನ್ನು ಅವನು ಶಿಮುರಾನ ಕೋಟೆಯಲ್ಲಿ ಮಂಗೋಲ್ ಸೈನಿಕರ ಪಾನೀಯಕ್ಕೆ ಬೆರೆಸುತ್ತಾನೆ, ಅವರು ರಕ್ತ ಕಾರಿ ಸಾಯುತ್ತಾರೆ. ಆಮೇಲೆ ಖೋತುನ್ ಖಾನ್ ಅದೇ ವಿಷದ ಗುಟ್ಟನ್ನು ತಿಳಿದುಕೊಳ್ಳುತ್ತಾನೆ, ಮೂರನೆಯ ಅಂಕದಲ್ಲಿ ಅದು ದ್ವೀಪದ ಜನರ ಮೇಲೆಯೇ ತಿರುಗಿಬೀಳುತ್ತದೆ. ಮಲೆನಾಡಿಗ ಅವರು ಯಾವ ಶಿಬಿರಕ್ಕೆ ಯಾವ ಬಾಗಿಲಿನಿಂದ ಹೋದರು ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ನಾವು ಏನನ್ನು ಆರಿಸಿಕೊಂಡೆವು ಎಂದು ಆಟ ಕೇಳುತ್ತಿಲ್ಲ, ಜಿನ್ ಏನನ್ನು ಆರಿಸಿಕೊಂಡ ಎಂಬುದನ್ನು ನಮ್ಮ ಕೈಯಿಂದಲೇ ಮಾಡಿಸಿ ತೋರಿಸುತ್ತಿದೆ. ಹಾಗಾಗಿ ಇದನ್ನು ದೌರ್ಬಲ್ಯವೆಂದು ನಾನು ಕರೆಯಲಾರೆ.

ಉಪಕಥೆಗಳ ಪಾತ್ರಗಳನ್ನು ಗಮನಿಸಿದರೂ ಇದೇ ಸಂಗತಿ ಬೇರೆಬೇರೆ ಬಗೆಯಲ್ಲಿ ಕಾಣುತ್ತದೆ. ಮನೆಮಂದಿಯನ್ನೆಲ್ಲ ಕಳೆದುಕೊಂಡ ಮಸಾಕೊ, ಸೇಡಿನ ಭರದಲ್ಲಿ ವಿಚಾರಣೆಯಿಲ್ಲದೆ ಕತ್ತಿ ಎತ್ತುತ್ತಾಳೆ; ಹುಡುಕುತ್ತ ಹೋದರೆ ಸಂಚಿನ ಹಿಂದೆ ಇದ್ದವಳು ಅವಳ ಸ್ವಂತ ಅಕ್ಕ. ಅಣ್ಣನಿಗಾದ ಚಿತ್ರಹಿಂಸೆಯನ್ನು ಕಂಡ ಬಳಿಕ ನೊರಿಯೊ ಎಂಬ ಸನ್ಯಾಸಿ ಶತ್ರುಗಳನ್ನು ಬೆಂಕಿಗೆ ಕೊಡುತ್ತಾನೆ. ಬಿಲ್ಗಾರ ಇಶಿಕಾವಾನಿಗೆ, ತಾನೇ ಕಲಿಸಿದ ವಿದ್ಯೆಯನ್ನು ಶಿಷ್ಯೆ ತೊಮೊಯೆ ಮಂಗೋಲರಿಗೆ ಹೇಳಿಕೊಟ್ಟಳೆಂಬ ನೋವು. ಇವರಲ್ಲಿ ಯಾರೂ ಜಿನ್‌ಗೆ ಬುದ್ಧಿ ಹೇಳುವ ಸ್ಥಿತಿಯಲ್ಲಿಲ್ಲ, ಆದರೂ ಎಲ್ಲರೂ ಹೇಳುತ್ತಾರೆ.

ರ್ಯುಜೊನನ್ನು ಕೇವಲ ದ್ರೋಹಿಯೆಂದು ತಳ್ಳಿಹಾಕುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಹಿಂದೊಮ್ಮೆ ಪಂದ್ಯದಲ್ಲಿ ಜಿನ್ ಕೈಯಲ್ಲಿ ಸೋತು, ಸಮುರಾಯ್ ಆಗುವ ಅವಕಾಶ ಕಳೆದುಕೊಂಡವನು ಅವನು. ಹಸಿದ ತನ್ನ ಗುಂಪಿಗೆ ಅನ್ನ ಬೇಕಾಗಿತ್ತು, ಖಾನ್ ಕೊಟ್ಟ. ಹುಟ್ಟಿನಿಂದಲೇ ಕೋಟೆ ಮತ್ತು ಹೆಸರು ಎರಡೂ ಇದ್ದ ಜಿನ್ ಮರ್ಯಾದೆಯನ್ನು ಬಿಟ್ಟುಕೊಡುವುದಕ್ಕೂ, ಅದನ್ನು ಗಳಿಸುವ ಅವಕಾಶವೇ ಸಿಗದ ರ್ಯುಜೊ ಬಿಟ್ಟುಕೊಡುವುದಕ್ಕೂ ಬಹಳ ಅಂತರವಿದೆ.

ಉತ್ತರ 3: ಹಳೆಯ ನಕ್ಷೆ

ಶಿಮುರಾ ಬಗ್ಗೆ ಇನ್ನೂ ಯಾರೂ ಉತ್ತರಿಸಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ಇತಿಹಾಸದಲ್ಲಿಯೂ 1274ರ ದಾಳಿಯಲ್ಲಿ ಕೊಮೊದಾದಲ್ಲಿ ಯುದ್ಧ ನಡೆಯಿತು. ದ್ವೀಪವನ್ನು ನೋಡಿಕೊಳ್ಳುತ್ತಿದ್ದ ಸೋ ಸುಕೆಕುನಿ ಸುಮಾರು 80 ಕುದುರೆ ಸವಾರರೊಂದಿಗೆ ಹೋರಾಡಿ ಮಡಿದನೆಂದು ಹೇಳಲಾಗುತ್ತದೆ. ಜಿನ್, ಶಿಮುರಾ, ಖೋತುನ್ ಖಾನ್ ಎಲ್ಲರೂ ಕಲ್ಪಿತ ಪಾತ್ರಗಳು. ಶಿಮುರಾ ಹೇಳುವ ಮಾದರಿಯ, ಅಚ್ಚುಕಟ್ಟಾಗಿ ರೂಪುಗೊಂಡ ಸಮುರಾಯ್ ನೀತಿಸಂಹಿತೆಯೂ ಬಹುಪಾಲು ಎದೋ ಕಾಲದ, ಅಂದರೆ ಶತಮಾನಗಳ ನಂತರದ ಸಂಗತಿ. ಜಿನ್ ಬೆಟ್ಟದ ತುದಿಯಲ್ಲಿ ಕುಳಿತು ರಚಿಸುವ ಹೈಕುವೂ ಹಾಗೆಯೇ 1274ರ ಕಾಲಕ್ಕೆ ಸೇರಿದ್ದಲ್ಲ. ಇದರಿಂದ ಆಟದ ಬೆಲೆ ಕಡಿಮೆಯಾಗುವುದಿಲ್ಲ, ಆದರೆ ಶಿಮುರಾನನ್ನು ಪ್ರಾಚೀನ ಧರ್ಮದ ಪ್ರತಿನಿಧಿಯೆಂದು ನೋಡುವುದಕ್ಕಿಂತ ಒಬ್ಬ ಆಡಳಿತಗಾರನೆಂದು ನೋಡಿದರೆ ಅವನು ಹೆಚ್ಚು ಅರ್ಥವಾಗುತ್ತಾನೆ.

ಅವನು ಜಪಾನಿನ ಸೈನಿಕ ಆಡಳಿತದ ಮುಖ್ಯಸ್ಥನಾದ ಶೋಗುನ್ ನೇಮಿಸಿದ ಜಿತೊ, ಅಂದರೆ ದ್ವೀಪದ ಆಡಳಿತಾಧಿಕಾರಿ. ದ್ವೀಪದ ವ್ಯವಸ್ಥೆ ನಿಂತಿರುವುದು, ಮೇಲಿನವರು ಒಂದು ನಿಯಮಕ್ಕೆ ಕಟ್ಟುಬಿದ್ದಿದ್ದಾರೆ ಎಂಬ ಕೆಳಗಿನವರ ನಂಬಿಕೆಯ ಮೇಲೆ. ಆ ನಿಯಮವನ್ನು ಮುರಿದವನನ್ನೇ ರೈತರು ಮತ್ತು ಜಿನ್‌ಗೆ ನೆರವಾಗುವ ಕಳ್ಳಿ ಯುನಾಳಂಥವರು ಹಿಂಬಾಲಿಸತೊಡಗಿದರೆ ನಾಳೆ ಶೋಗುನ್‌ನ ಮಾತಿಗೆ ಬೆಲೆ ಉಳಿಯುವುದಿಲ್ಲ ಎಂಬ ಅವನ ಭಯ ಸುಳ್ಳಲ್ಲ. ಆದರೆ ಆ ವ್ಯವಸ್ಥೆಯನ್ನು ಉಳಿಸುವುದಕ್ಕಾಗಿ ಕೋಟೆಯ ಸೇತುವೆಯ ಮೇಲೆ ಸೈನಿಕರನ್ನು ನೇರವಾಗಿ ಸಾವಿನೆಡೆಗೆ ಕಳಿಸಲು ಅವನು ಹಿಂಜರಿಯುವುದಿಲ್ಲ. ವಿಷದ ಘಟನೆಯ ನಂತರ ತಪ್ಪನ್ನು ಯುನಾಳ ಮೇಲೆ ಹೊರಿಸು, ನಿನ್ನನ್ನು ಉಳಿಸಿಕೊಳ್ಳುತ್ತೇನೆ ಎಂದು ಜಿನ್‌ಗೆ ಹೇಳುವಲ್ಲಿ ಅವನ ಮರ್ಯಾದೆ ಯಾರಿಗಾಗಿ ಇದೆ ಎಂಬುದು ಸ್ಪಷ್ಟವಾಗುತ್ತದೆ. ಅವನು ದುಷ್ಟನಲ್ಲ, ಜಿನ್‌ನನ್ನು ದತ್ತು ತೆಗೆದುಕೊಳ್ಳಲು ಹಂಬಲಿಸಿದವನು. ಪ್ರೀತಿಯೂ ಅನ್ಯಾಯವೂ ಒಂದೇ ಮಾತಿನಲ್ಲಿ ಬರುವಂತೆ ಈ ಪಾತ್ರವನ್ನು ಬರೆದಿರುವುದೇ ನನಗೆ ಆಟದ ಅತಿ ದೊಡ್ಡ ಸಾಧನೆಯಾಗಿ ತೋರುತ್ತದೆ.

ಇನ್ನೊಂದು ವಿಷಯ. 2020ರಲ್ಲಿ ಚಂಡಮಾರುತದಿಂದ ತ್ಸುಶಿಮಾದ ವತತ್ಸುಮಿ ದೇಗುಲದ ತೋರಿ ದ್ವಾರವೊಂದು ಉರುಳಿದಾಗ ಅದರ ದುರಸ್ತಿಗಾಗಿ ಸಾರ್ವಜನಿಕರಿಂದ ಹಣ ಸಂಗ್ರಹಿಸಲಾಯಿತು. ಈ ಆಟವನ್ನು ಮೆಚ್ಚಿದವರು ಜಗತ್ತಿನ ಬೇರೆಬೇರೆ ಕಡೆಗಳಿಂದ ಕೊಟ್ಟಿದ್ದರಿಂದ ಗುರಿಯನ್ನು ಮೀರಿ ಹಣ ಕೂಡಿತು. ಕಲ್ಪಿತ ಜಿನ್ ನಿಜವಾದ ದ್ವೀಪಕ್ಕೆ ಮಾಡಿದ ಉಪಕಾರವೆಂದು ಇದನ್ನು ನೆನೆಯುತ್ತೇನೆ.

ಮಲೆನಾಡಿಗ

ಮೂವರಿಗೂ ಧನ್ಯವಾದಗಳು. ಶರಾವತಿ ತೀರದವರು ವಿಷದ ಬಗ್ಗೆ ಬರೆದದ್ದನ್ನು ಓದಿದ ಮೇಲೆ ಇಕಿ ದ್ವೀಪದ ಭಾಗ ನನಗೆ ಇನ್ನಷ್ಟು ಮೆಚ್ಚುಗೆಯಾಗುತ್ತಿದೆ. ಅಲ್ಲಿ ಈಗಲ್ ಎಂಬ ಹೆಸರಿನ ಮಂಗೋಲ್ ನಾಯಕಿ ಜಿನ್‌ಗೆ ಮದ್ದು ಕುಡಿಸುತ್ತಾಳೆ. ಅದಾದ ಮೇಲೆ ನಾವು ಸುಮ್ಮನೆ ಕುದುರೆಯ ಮೇಲೆ ಅಲೆಯುತ್ತಿರುವಾಗಲೂ ಅವಳ ದನಿ ಕೇಳುತ್ತದೆ, ಇಲ್ಲದವರು ಎದುರು ಕಾಣುತ್ತಾರೆ, ತಂದೆ ಸಾಯುವಾಗ ಹುಡುಗ ಜಿನ್ ಅಡಗಿ ಕುಳಿತಿದ್ದ ನೆನಪು ಮತ್ತೆ ಮತ್ತೆ ಚುಚ್ಚುತ್ತದೆ. ಕಥೆಯ ಗಾಯ ದೃಶ್ಯಗಳಲ್ಲಿ ಮಾತ್ರ ಉಳಿಯದೆ ಅಲೆದಾಟದೊಳಗೂ ನುಗ್ಗುತ್ತದೆ. ಮುಖ್ಯ ಕಥೆಯಲ್ಲಿ ನಾನು ಬಯಸಿದ್ದು ಇಂಥದ್ದನ್ನೇ, ಆ ಅರ್ಥದಲ್ಲಿ ನನ್ನ ದೂರು ಹಾಗೆಯೇ ಉಳಿದಿದೆ.

ಕೊನೆಯ ಆಯ್ಕೆಯಲ್ಲಿ ನಾನು ಶಿಮುರಾನನ್ನು ಕೊಲ್ಲದೆ ಬಿಟ್ಟೆ. ಯೋಧನಿಗೆ ತಕ್ಕ ಸಾವನ್ನು ಅವನೇ ಬೇಡಿದಾಗ ಅದನ್ನು ನಿರಾಕರಿಸುವುದು ಕ್ರೌರ್ಯವೆಂದು ವಾದಿಸುವವರಿದ್ದಾರೆ, ಆ ವಾದದಲ್ಲಿ ಹುರುಳಿದೆ. ಆದರೆ ಯುನಾಳ ಮೇಲೆ ತಪ್ಪು ಹೊರಿಸಲು ಸಿದ್ಧನಾಗಿದ್ದ ಮನುಷ್ಯನ ನಿಯಮದ ಪ್ರಕಾರ ಜಿನ್ ಮತ್ತೊಂದು ಕೊಲೆ ಮಾಡುವುದು ನನಗೆ ಬೇಡವಾಗಿತ್ತು.

ಎರಡನೆಯ ಸಲ ಅತಿ ಕಠಿಣವಾದ ಲೀಥಲ್ ಡಿಫಿಕಲ್ಟಿಯಲ್ಲಿ ಆಡಬೇಕೆಂದಿದ್ದೇನೆ. ಎದುರೆದುರು ಹೋರಾಡುವ ನನ್ನ ಪದ್ಧತಿ ಅಲ್ಲಿ ನಡೆಯುತ್ತದೆಯೇ?

ಕತ್ತಿವರಸೆ

ಖಂಡಿತ ನಡೆಯುತ್ತದೆ, ನಿಮ್ಮಂಥವರಿಗೆ ಅದೇ ಹೆಚ್ಚು ಒಗ್ಗೀತು. ಲೀಥಲ್‌ನಲ್ಲಿ ಶತ್ರುವಿನ ಏಟು ಎಷ್ಟು ಮಾರಕವೋ ನಿಮ್ಮ ಕತ್ತಿಯೂ ಅಷ್ಟೇ ಮಾರಕ, ಆದ್ದರಿಂದ ಗುದ್ದಾಟ ಬೇಗ ಇತ್ಯರ್ಥವಾಗುತ್ತದೆ. ಪ್ಯಾರಿ ಮಾಡಲು, ಅಂದರೆ ಏಟನ್ನು ಕತ್ತಿಯಿಂದ ತಡೆಯಲು, ಸಿಗುವ ಸಮಯ ಮಾತ್ರ ಕಡಿಮೆ. ಬಿಲ್ಲುಗಾರರನ್ನು ಮೊದಲು ಮುಗಿಸಿ, ಬಯಲಿನ ನಡುವೆ ನಿಲ್ಲದೆ ಬೆನ್ನಿಗೆ ಗೋಡೆಯೋ ಬಂಡೆಯೋ ಇರುವಂತೆ ನೋಡಿಕೊಳ್ಳಿ. ಸ್ಟ್ಯಾಂಡ್‌ಆಫ್‌ನಲ್ಲಿ ಎದುರಾಳಿಯ ಕತ್ತಿಯನ್ನು ನೋಡಬೇಡಿ, ಪಾದಗಳನ್ನು ನೋಡಿ. ಹೆದರಿಸುವಾಗ ಭುಜ ಅಲುಗುತ್ತದೆ, ನುಗ್ಗುವಾಗ ಕಾಲು ಮುಂದೆ ಬರುತ್ತದೆ.