ಲೇಔಟ್ ನಗರಸಭೆಗೆ ಹಸ್ತಾಂತರ ಆಗಿಲ್ಲ ಅಂತಾರೆ, ಮುಂದೇನು?

ಪ್ರಶ್ನೆ:
ನಮಸ್ಕಾರ. ಬೆಂಗಳೂರು ಪಕ್ಕದ ನಗರಸಭೆಯೊಂದರ ವ್ಯಾಪ್ತಿಯಲ್ಲಿ ನಮ್ಮ ಖಾಸಗಿ ಬಡಾವಣೆ ಇದೆ. ಯೋಜನಾ ಪ್ರಾಧಿಕಾರದ ಅನುಮೋದನೆ ಇದೆ, ಎಲ್ಲರಿಗೂ ಇ-ಖಾತೆ ಆಗಿದೆ, ವರ್ಷವರ್ಷ ಕಂದಾಯ ಕಟ್ಟುತ್ತಿದ್ದೇವೆ. ಆದರೂ ಕಸ, ಬೀದಿದೀಪ, ಚರಂಡಿ ಏನು ಕೇಳಿದರೂ "ಹಸ್ತಾಂತರ ಆಗಿಲ್ಲ" ಎಂದು ವಾಪಸ್ ಕಳಿಸುತ್ತಾರೆ. ಡೆವಲಪರ್ ಫೋನ್ ಎತ್ತುವುದಿಲ್ಲ. ಎಲ್ಲಿಂದ ಶುರು ಮಾಡಬೇಕು?

ಉತ್ತರ (ನಗರ ಯೋಜನೆ):
ಸರ್, ಕಂದಾಯ ಬೀಳುವುದು ನಿಮ್ಮ ನಿವೇಶನದ ಮೇಲೆ. ಹಸ್ತಾಂತರ ಆಗಬೇಕಾದದ್ದು ರಸ್ತೆ, ಪಾರ್ಕು, ಸಿಎ (ನಾಗರಿಕ ಸೌಲಭ್ಯ) ನಿವೇಶನ, ಓವರ್‌ಹೆಡ್ ಟ್ಯಾಂಕು, ಯುಜಿಡಿ (ಒಳಚರಂಡಿ). ಹಾಗಾಗಿ "ತೆರಿಗೆ ಕಟ್ಟಿದ್ದೇವಲ್ಲ" ಎಂಬ ವಾದದಿಂದ ಕಡತ ಮುಂದೆ ಹೋಗುವುದಿಲ್ಲ. ಅದು ಎಲ್ಲಿ ನಿಂತಿದೆ ಎಂದು ಮೊದಲು ಪತ್ತೆ ಮಾಡಿ.

ಲೇಔಟ್‌ನ ಮೂಲ ಸರ್ವೆ ನಂಬರುಗಳಿಗೆ, ನಕ್ಷೆ ಮಂಜೂರಾದ ದಿನದಿಂದ ಇವತ್ತಿನವರೆಗೆ, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ. ಪಾರ್ಕು, ರಸ್ತೆಗಳನ್ನು ಬಿಟ್ಟುಕೊಟ್ಟ ಪರಿತ್ಯಾಜನ ಪತ್ರ ನೋಂದಣಿ ಆಗಿದ್ದರೆ ಅದರಲ್ಲಿ ಕಾಣುತ್ತದೆ. ಕಾಣದಿದ್ದರೆ ತಕರಾರು ಪ್ರಾಧಿಕಾರದ ಮಟ್ಟದ್ದು. ಹೊಸಕೋಟೆ, ನೆಲಮಂಗಲ, ಆನೇಕಲ್ ಯೋಜನಾ ಪ್ರಾಧಿಕಾರಗಳು ಬಿಎಂಆರ್‌ಡಿಎ (ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಅಡಿಯಲ್ಲಿ ಬರುತ್ತವೆ. ಅಂಥ ಕಡೆ ಸದಸ್ಯ ಕಾರ್ಯದರ್ಶಿಗೆ ಅರ್ಜಿ ಕೊಟ್ಟು, ಪ್ರತಿಯನ್ನು ಬಿಎಂಆರ್‌ಡಿಎಗೂ ಕಳಿಸಿ. ಮಾರಾಟಕ್ಕೆ ಪ್ರಾಧಿಕಾರ ಇನ್ನೂ ಬಿಡುಗಡೆ ಮಾಡದ ನಿವೇಶನಗಳಿದ್ದರೆ ಡೆವಲಪರ್‌ನ ಜುಟ್ಟು ಪ್ರಾಧಿಕಾರದ ಕೈಯಲ್ಲೇ ಇದೆ. ಎಲ್ಲವೂ ಬಿಡುಗಡೆಯಾಗಿ ಮಾರಾಟವಾಗಿದ್ದರೆ ಆ ಹಿಡಿತ ಹೋಯಿತು.

ಪತ್ರ ನೋಂದಣಿಯಾಗಿಯೂ ಕೆಲಸ ನಿಂತಿರುವುದುಂಟು. ಪಾರ್ಕಿನ ಜಾಗಕ್ಕೆ "ಪೌರಾಯುಕ್ತರು, ನಗರಸಭೆ" ಹೆಸರಿನಲ್ಲಿ ಖಾತೆ ಕೂರಿಸಿ ಆಸ್ತಿ ವಹಿಗೆ ಹತ್ತಿಸುವುದನ್ನು ಎಷ್ಟೋ ಕಡೆ ಬಿಟ್ಟಿರುತ್ತಾರೆ. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಖಾತೆ ಇಲ್ಲದ ಪಾರ್ಕಿಗೇ ಮುಂದೆ ಯಾರೋ ಬೇಲಿ ಹಾಕಿ ನಂಬರ್ ಹಚ್ಚಿಸಿಕೊಳ್ಳುವುದು. ಆಮೇಲೆ ಬಿಡಿಸಿಕೊಳ್ಳಲು ಕೋರ್ಟಿಗೆ ಅಲೆಯಬೇಕಾಗುತ್ತದೆ.

ಪ್ರಾಧಿಕಾರ, ನಗರಸಭೆ ಎರಡೂ ಕಚೇರಿಗೆ ಬೇರೆಬೇರೆ ಆರ್‌ಟಿಐ ಹಾಕಿ. ಅನುಮೋದಿತ ನಕ್ಷೆ, ನಿವೇಶನ ಬಿಡುಗಡೆ ಆದೇಶ, ಪರಿತ್ಯಾಜನ ಪತ್ರ, ಇಂಜಿನಿಯರ್ ಸ್ಥಳ ತನಿಖಾ ವರದಿ, ಇವುಗಳ ದೃಢೀಕೃತ ನಕಲು ಕೇಳಿ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಕಥೆಯೆಲ್ಲ ಬರೆದರೆ ತಿರಸ್ಕರಿಸಲು ನೀವೇ ನೆಪ ಕೊಟ್ಟ ಹಾಗೆ. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ ಹಾಕಿ.

ಕಸದ ಮಾತು ಬೇರೆ. ಮನೆಮನೆಯಿಂದ ಕಸ ಎತ್ತುವುದು ಘನತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಸ್ಥಳೀಯ ಸಂಸ್ಥೆಯ ಹೊಣೆ. ಅದಕ್ಕೆ ಹಸ್ತಾಂತರದವರೆಗೆ ಕಾಯಬೇಕಿಲ್ಲ. ಆರೋಗ್ಯ ನಿರೀಕ್ಷಕರಿಗೆ ಮನೆಗಳ ಪಟ್ಟಿ, ಗಾಡಿ ಬರಬಹುದಾದ ದಾರಿಯ ನಕ್ಷೆ ಕೊಟ್ಟು ಸ್ವೀಕೃತಿ ಪಡೆಯಿರಿ.

ಮರುಪ್ರಶ್ನೆ:
ಧನ್ಯವಾದ ಸರ್. ಇಸಿ ತೆಗೆಸಿದೆವು, ಪತ್ರ ನೋಂದಣಿ ಆಗಿದೆ. ಆದರೆ ಬೀದಿದೀಪದ ಬಿಲ್ ಬಾಕಿ ಇದೆ, ಚರಂಡಿ ಅರ್ಧಕ್ಕೇ ನಿಂತಿದೆ. ಇದನ್ನು ನಗರಸಭೆ ಮಾಡಿಸುತ್ತದೆಯೇ?

ಉತ್ತರ (ವಿದ್ಯುತ್ ಕಾಮಗಾರಿ):
ಮೊದಲು ಬೀದಿದೀಪದ ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ನಂಬರ್) ಯಾರ ಹೆಸರಲ್ಲಿದೆ ನೋಡಿ. ಡೆವಲಪರ್ ಹೆಸರಲ್ಲಿದ್ದರೆ ಬಾಕಿ ತೀರುವವರೆಗೆ ಹೆಸರು ಬದಲಾಗುವುದಿಲ್ಲ, ನಗರಸಭೆಯೂ ಹಳೇ ಬಾಕಿ ಮೈಮೇಲೆ ಎಳೆದುಕೊಳ್ಳುವುದಿಲ್ಲ. ಕೆಲವು ಕಡೆ ದೀಪಕ್ಕೆ ಬೇರೆ ಮೀಟರೇ ಇರುವುದಿಲ್ಲ, ಬೋರ್‌ವೆಲ್ ಮೋಟರಿನ ಲೈನಿಗೇ ಸೇರಿಸಿರುತ್ತಾರೆ. ಹಾಗಿದ್ದರೆ ದೀಪದ ಲೈನ್ ಬಿಡಿಸಿ ಬೇರೆ ಮೀಟರ್ ಹಾಕಿಸುವುದು ಮೊದಲ ಕೆಲಸ.

ಉತ್ತರ (ನಗರ ಯೋಜನೆ):
ಅರ್ಧಕ್ಕೆ ನಿಂತ ಚರಂಡಿ ಡೆವಲಪರ್ ಜವಾಬ್ದಾರಿ. ಲೇಔಟ್ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆಗಿದ್ದರೆ ಅಲ್ಲಿ ದೂರು ಕೊಡಿ. ಸ್ವಾಧೀನ ಕೊಟ್ಟ 5 ವರ್ಷದೊಳಗೆ ತಿಳಿಸಿದ ಕಾಮಗಾರಿ ದೋಷವನ್ನು ಆತ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು. ದೂರು ನಿವಾಸಿಗಳ ಸಂಘದ ಹೆಸರಿನಲ್ಲಿ ಹೋದರೆ ಒಳ್ಳೆಯದು.

ಇನ್ನು ನಗರಸಭೆಯ ಹಣದ ಮಾತು. ವಾರ್ಡ್ ಸದಸ್ಯರಿಂದ ವಿಷಯವನ್ನು ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಬರವಣಿಗೆಯಲ್ಲೇ ಹಾಕಿಸಿ. "ಸಭೆಯಲ್ಲಿ ಮಾತಾಡಿದೆ" ಎಂದರೆ ಏನೂ ಆಗಿಲ್ಲ ಎಂದೇ ತಿಳಿಯಿರಿ. ಬೇಕಾದದ್ದು ಠರಾವಿನ ಸಂಖ್ಯೆ ಮತ್ತು ದಿನಾಂಕ. ಚುನಾಯಿತ ಮಂಡಳಿ ಇಲ್ಲದಿದ್ದರೆ ಅದೇ ಅರ್ಜಿ ಆಡಳಿತಾಧಿಕಾರಿಗೆ. ಆಯವ್ಯಯದ ಪೂರ್ವಭಾವಿ ಸಭೆಗಳು ಮಾರ್ಚ್‌ಗೆ ಮುಂಚೆ ನಡೆಯುತ್ತವೆ, ಆಗ ಅಂದಾಜು ಪಟ್ಟಿ ಸಮೇತ ಹೋಗಿ. ಏಪ್ರಿಲ್ ದಾಟಿದ ಮೇಲೆ ಕೇಳಿದರೆ ಅನುದಾನವೆಲ್ಲ ಹಂಚಿಹೋಗಿರುತ್ತದೆ.